ಪುಟಾಣಿಗಳ ಸಾಲು

“ನಂಗಲಿ ಗಡಿಯಿಂದ ಟೇಕಲ್ ಬೆಟ್ಟದ ತನಕ ನನ್ನ ಹೆಸರಿಲ್ಲದೆ ಒಂದೇ ಒಂದು ಮದುವೆ ನಡೀಲಿ, ನೋಡೇಬಿಡ್ತೀನಿ!”

ಮುಳಬಾಗಿಲು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಶಾಮಲಾ ಪ್ರಿಂಟರ್ಸ್‌ನ ಗಂಗಾಧರ್ ದಿನಕ್ಕೊಂದು ಸಲವಾದರೂ ಈ ಮಾತು ಹೇಳದೆ ಅಂಗಡಿಯ ಶಟರ್ ಎಳೆದವನಲ್ಲ. ಎದುರಿಗೆ ಗಿರಾಕಿ ಇದ್ದರೆ ಗಿರಾಕಿಗೆ ಹೇಳುತ್ತಿದ್ದ, ಇಲ್ಲದಿದ್ದರೆ ಜೆರಾಕ್ಸ್ ಮಿಷನ್ನಿಗೆ ಹೇಳುತ್ತಿದ್ದ. ಪಕ್ಕದಲ್ಲಿ ಪ್ರೂಫ್ ನೋಡುತ್ತ ಕೂತ ಹೆಂಡತಿ ಸುನಂದ ತಲೆಯೆತ್ತದೆಯೇ, “ಮದುಮಗನಿಗೂ ಇಷ್ಟು ಜಂಬ ಇರಲ್ಲ ಬಿಡ್ರೀ” ಅನ್ನುತ್ತಿದ್ದಳು.

ಜಂಬಕ್ಕೆ ಕಾರಣವಿತ್ತು. ಗಂಗಾಧರನ ತಂದೆ ಮುನಿಕೃಷ್ಣಪ್ಪನವರದು ಅಚ್ಚುಮೊಳೆ ಜೋಡಿಸುವ ಕಾಲದ ಪ್ರೆಸ್ಸು. ಮಗ ನಡೆಯಲು ಕಲಿಯುವ ಮೊದಲೇ ಮೊಳೆ ಜೋಡಿಸಲು ಕಲಿತನೆಂದು ಅವರು ಹೇಳಿಕೊಳ್ಳುತ್ತಿದ್ದರು. ಹಲ್ಲು ಬರುವಾಗ ಒಂದು ‘ಳ’ ನುಂಗಿಬಿಟ್ಟಿದ್ದನೆಂದೂ, ಆ ವರ್ಷ ಮುಳಬಾಗಿಲಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ‘ಳ’ ಇಲ್ಲದ ಹೆಸರೇ ಇಡಬೇಕಾಯಿತೆಂದೂ ಸೇರಿಸುತ್ತಿದ್ದರು. ಮೊಳೆಯ ಕಾಲ ಹೋಗಿ ಕಂಪ್ಯೂಟರು ಬಂದಾಗ ಗಂಗಾಧರ್ ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿ ಒಂದು ಕೋರ್ಸು ಮಾಡಿದ. ಎಲ್ಲರೂ ಟೈಪಿಂಗ್ ಕಲಿತು ಬಂದರೆ ಇವನು ಪ್ರೋಗ್ರಾಂ ಬರೆಯುವುದನ್ನು ಕಲಿತು ಬಂದ. ಯಾಕೆ ಎಂದರೆ, “ಅದರ ಹೊಟ್ಟೆಯೊಳಗೆ ಏನಿದೆ ನೋಡಬೇಕು ಅನ್ನಿಸ್ತು” ಎಂದ. ರೇಡಿಯೋ ಬಿಚ್ಚಿದವನು, ಗಡಿಯಾರ ಬಿಚ್ಚಿದವನು, ಅಕ್ಕನ ಮದುವೆಯಲ್ಲಿ ಓಲಗದವರ ಶ್ರುತಿಪೆಟ್ಟಿಗೆ ಬಿಚ್ಚಿ ಮುಹೂರ್ತಕ್ಕೆ ಸರಿಯಾಗಿ ಅದನ್ನು ಮೂಕ ಮಾಡಿದವನು, ಕಂಪ್ಯೂಟರನ್ನು ಬಿಡುತ್ತಾನೆಯೇ?

ಬೇರೆ ಊರುಗಳಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವುದು ಒಂದು ಕಸುಬು. ಕೋಲಾರ ಸೀಮೆಯಲ್ಲಿ ಅದು ಸಂಧಾನ. ‘ತಮ್ಮ ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ಯಾರು ಮೊದಲು, ಯಾರು ಆಮೇಲೆ, ಸೋದರಮಾವ ಎಡಕ್ಕೋ ಬಲಕ್ಕೋ, ಮಾತು ಬಿಟ್ಟ ಚಿಕ್ಕಪ್ಪನನ್ನು ಹಾಕುವುದೋ ಬಿಡುವುದೋ ಎಂಬುದನ್ನು ತೀರ್ಮಾನಿಸದೆ ಒಂದು ಪತ್ರಿಕೆಯೂ ಪ್ರೆಸ್ಸಿಗೆ ಏರುವುದಿಲ್ಲ. ಒಂದು ಸಲ ದೊಡ್ಡಪ್ಪನ ಹೆಸರಿಗಿಂತ ಚಿಕ್ಕಪ್ಪನ ಹೆಸರು ಒಂದು ಗೆರೆ ಮೇಲೆ ಬಿದ್ದಿದ್ದಕ್ಕೆ ಬೀಗರ ಊಟದಲ್ಲಿ ಎಸೆದ ಸಾರಿನ ಬಕೆಟ್ಟು ಗಡಿ ದಾಟಿ ಆಂಧ್ರದಲ್ಲಿ ಬಿತ್ತು. ಅದನ್ನು ವಾಪಸ್ ತರಲು ಚೆಕ್‌ಪೋಸ್ಟಿನಲ್ಲಿ ಚೀಟಿ ಕೇಳಿದರಂತೆ.

ಈ ಜಗಳಗಳನ್ನು ಕೇಳಿ ಕೇಳಿ ಗಂಗಾಧರ್ ಒಂದು ಪ್ರೋಗ್ರಾಂ ಬರೆದ. ಹೆಸರು ಮತ್ತು ನೆಂಟಸ್ತಿಕೆ ಟೈಪ್ ಮಾಡಿದರೆ ಸಾಕು, ಯಾರ ಹೆಸರು ಎಲ್ಲಿ ಬರಬೇಕೋ ಅಲ್ಲಿಗೆ ಅದೇ ಜೋಡಿಸುತ್ತಿತ್ತು. ಗಡಿಯಾಚೆಯ ಬೀಗರಿಗಾಗಿ ಹಿಂಬದಿಯಲ್ಲಿ ತೆಲುಗು ಪತ್ರಿಕೆಯನ್ನೂ ಮಾಡಿಕೊಡುತ್ತಿತ್ತು. ಅದಕ್ಕೊಂದು ಹೆಸರು ಬೇಕಲ್ಲ? ದೇವರ ಹೆಸರು, ಹೂವಿನ ಹೆಸರು, ತಾಯಿಯ ಹೆಸರು ಎಲ್ಲವನ್ನೂ ಯೋಚಿಸಿ, ಕೊನೆಗೆ ಯಾರಿಗೂ ಬೇಸರವಾಗಬಾರದೆಂದು ತನ್ನ ಹೆಸರನ್ನೇ ಇಟ್ಟ. ಪ್ರೋಗ್ರಾಂ ತೆರೆದರೆ ಮೊದಲು ಬರುವುದೇ ‘ಗಂಗಾಧರ’. ಕೆಳಗೆ ಅವನ ಫೋನ್ ನಂಬರು.

ಆಮೇಲೆ ಅದನ್ನು ಓಪನ್ ಸೋರ್ಸ್ ಮಾಡಿ ಇಂಟರ್ನೆಟ್ಟಿಗೆ ಬಿಟ್ಟ. ಹಾಗೆಂದರೇನು ಎಂದು ಸುನಂದ ಕೇಳಿದ್ದಕ್ಕೆ, “ದೇವಸ್ಥಾನಕ್ಕೆ ಕೊಳಗ ಕೊಡ್ತಾರಲ್ಲ, ಹಾಗೆ ಕಣೇ. ಯಾರು ಬೇಕಾದ್ರೂ ಅದರಲ್ಲಿ ಸಾರು ಮಾಡಲಿ, ಪಾಯಸ ಮಾಡಲಿ, ಬೇಕಿದ್ರೆ ಹಿಡಿ ಕಿತ್ತು ಬೇರೆ ಹಿಡಿ ಹಾಕಲಿ. ಮೇಲೆ ಕೆತ್ತಿರೋ ದಾನಿ ಹೆಸರು ಮಾತ್ರ ಉಜ್ಜಬಾರದು” ಎಂದ.

“ಅಂದ್ರೆ ದಾನಕ್ಕಲ್ಲ, ಹೆಸರು ಕೆತ್ತೋಕೆ ಕೊಟ್ಟಿದ್ದು” ಎಂದಳು ಸುನಂದ.

ನಾಲ್ಕು ತಾಲ್ಲೂಕಿನ ಪ್ರೆಸ್ಸಿನವರೂ ಅದನ್ನೇ ಬಳಸತೊಡಗಿದರು. ಮದುವೆಯ ತಿಂಗಳು ಬಂತೆಂದರೆ ಗಂಗಾಧರನ ಫೋನು ಉಪ್ಪಿನಕಾಯಿಯ ಹಾಗೆ ಊಟದ ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು. ಶ್ರೀನಿವಾಸಪುರದಲ್ಲಿ ಅಕ್ಷರ ಕಿತ್ತುಹೋಗಿದೆ, ಮಾಸ್ತಿಯಲ್ಲಿ ಗಣೇಶ ತಲೆಕೆಳಗಾಗಿದ್ದಾನೆ, ನಂಗಲಿಯಲ್ಲಿ ಮದುಮಗಳ ಹೆಸರಿದ್ದಲ್ಲಿ ಕಲ್ಯಾಣಮಂಟಪದ ಹೆಸರು ಬಂದಿದೆ. ಎಲ್ಲರೂ ಬಯ್ಯುತ್ತಿದ್ದರು. ಗಂಗಾಧರನಿಗೆ ಆ ಬೈಗುಳ ನಾದಸ್ವರದಂತೆ ಕೇಳಿಸುತ್ತಿತ್ತು. “ನೋಡೇ, ನನ್ನ ಹೆಸರು ಹಿಡಿದು ಬಯ್ತಾವ್ರೆ!” ಎಂದು ಸಾರು ಕಲೆಸುತ್ತಿದ್ದ.

ಅನಿತ ಬಂದದ್ದು ಆಮೇಲೆ. ಬಂದದ್ದು ಅಂದರೆ ಇಂಟರ್ನೆಟ್ಟಿನಲ್ಲಿ, ಮುಖ ನೋಡಿರಲಿಲ್ಲ. ಮಾಸ್ತಿ ಕಡೆಯವಳು, ಮಾಲೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ತಂಗಿಯ ಮದುವೆ ಪತ್ರಿಕೆಗೆ ‘ಗಂಗಾಧರ’ವನ್ನು ಬಳಸಿ, ತೆಲುಗು ಪುಟದಲ್ಲಿ ತನ್ನ ಅಪ್ಪನ ಹೆಸರು ಯಾವುದೋ ಔಷಧದ ಹೆಸರಿನಂತೆ ಬಂದಿದ್ದನ್ನು ಕಂಡು, ಬಯ್ಯದೆ, ತಾನೇ ತಿದ್ದಿ ಕಳಿಸಿದಳು. ಗಂಗಾಧರ್ ಅದನ್ನು ಸೇರಿಸಿಕೊಂಡ. ಆಕೆ ಮತ್ತೊಂದು ತಿದ್ದಿದಳು. ಹೀಗೇ ವರ್ಷಗಟ್ಟಲೆ ನಡೆಯಿತು. ತೆಲುಗಿನ ಭಾಗ ಪೂರ್ತಿ ಹೊಸದಾಯಿತು, ಮೊಬೈಲಿನಲ್ಲೂ ನಡೆಯುವಂತಾಯಿತು, ಗಣೇಶ ನೆಟ್ಟಗೆ ಕೂತ. ಕೇಳಿದವರಿಗೆ ಗಂಗಾಧರ್, “ಮಾಲೂರು ಕಡೆ ಒಂದು ಹುಡುಗಿ ಸ್ವಲ್ಪ ಕೈ ಜೋಡಿಸ್ತಾಳೆ” ಅನ್ನುತ್ತಿದ್ದ. ಹಾಗೆ ಅನ್ನುವಾಗ ಅವನ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ಅಡುಗೆಯವರು ಹತ್ತು ಜನ ಬೆವರು ಸುರಿಸಿದರೂ ಊಟ ಹಾಕಿದವರು ಮದುವೆಮನೆಯವರೇ ತಾನೇ?

ಒಂದು ದಿನ ಆಕೆಯ ಸಂದೇಶ ಬಂತು. ‘ಸಾರ್, ತಪ್ಪು ತಿಳಿಯಬೇಡಿ. ಮಾಡಿದವರ ಹೆಸರಿನ ಪುಟದಲ್ಲಿ ನನ್ನ ಹೆಸರನ್ನೂ ಸೇರಿಸಬಹುದಾ?’

“ಅಯ್ಯೋ, ಇದಕ್ಕೆ ಕೇಳಬೇಕಾ!” ಎಂದು ಗಂಗಾಧರ್ ಕುರ್ಚಿ ಎಳೆದುಕೊಂಡ. ಹೆಸರು ಸೇರಿಸುವುದರಲ್ಲಿ ಅವನಷ್ಟು ಧಾರಾಳಿ ಆ ಸೀಮೆಯಲ್ಲೇ ಇರಲಿಲ್ಲ. ಒಬ್ಬರನ್ನು ಸೇರಿಸಿದ ಮೇಲೆ ಇನ್ನೊಬ್ಬರನ್ನು ಬಿಡುವುದು ಹೇಗೆ? ಬಿಟ್ಟರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗಾಗಿ ಇಡೀ ಮಧ್ಯಾಹ್ನ ಕೂತು, ತನಗೆ ಗೊತ್ತಿದ್ದ ಒಂದೇ ಕ್ರಮದಲ್ಲಿ ಆ ಪುಟವನ್ನು ಸಜ್ಜು ಮಾಡಿದ.

ಎಲ್ಲಕ್ಕಿಂತ ಮೇಲೆ ‘ಶ್ರೀ ಆಂಜನೇಯಸ್ವಾಮಿ ಪ್ರಸನ್ನ’. ಅದರ ಕೆಳಗೆ ದಿವಂಗತ ಮುನಿಕೃಷ್ಣಪ್ಪನವರ ಆಶೀರ್ವಾದ. ಆಮೇಲೆ ಹಿರಿಯರ ಸಾಲಿನಲ್ಲಿ ಮೊದಲನೆಯದಾಗಿ ಅಕ್ಕನ ಗಂಡ ಕೋದಂಡರಾಮಪ್ಪ. ಪ್ರೋಗ್ರಾಂ ಬರೆಯುವಾಗ ಕರೆಂಟು ಹೋದೀತೆಂದು ತಮ್ಮ ಮನೆಯ ಹಳೇ ಯುಪಿಎಸ್ ಕೊಟ್ಟಿದ್ದವರು. ಆಮೇಲೆ ನಂಗಲಿಯ ವೆಂಕಟ್; ಪ್ರೋಗ್ರಾಮನ್ನು ಮೊದಲು ಬಳಸಿ ಮೊದಲು ಬಯ್ದವನು. ಹೀಗೇ ವಯಸ್ಸಿನ ಪ್ರಕಾರ ಇಳಿಯುತ್ತ ಬಂದು, ಲಗ್ನಪತ್ರಿಕೆಯ ತಳದಲ್ಲಿ ಮಕ್ಕಳ ಹೆಸರು ಹಾಕುತ್ತಾರಲ್ಲ, ‘ನಮ್ಮ ಅತ್ತೆಯ ಮದುವೆಗೆ ತಪ್ಪದೇ ಬನ್ನಿ’ ಎಂದು, ಅದೇ ಜಾಗದಲ್ಲಿ, ಗೊಂಬೆಯಂಥ ಅಕ್ಷರಗಳಲ್ಲಿ ಹೀಗೆ ಬರೆದ:

‘ನಮ್ಮ ಗಂಗಾಧರ ಮಾಮನ ಸಾಫ್ಟ್‌ವೇರನ್ನು ತಪ್ಪದೇ ಬಳಸಿ! ಪುಟಾಣಿಗಳು: ಅನಿತ (ಮಾಲೂರು), ಗೋಪಿ.’

ಗೋಪಿ ಎಂದರೆ ಕೋದಂಡರಾಮಪ್ಪನವರ ಮೊಮ್ಮಗ. ಲೆಕ್ಕಕ್ಕೆ ಗಂಗಾಧರ್ ಅವನಿಗೆ ತಾತ ಆಗಬೇಕು. ತಾತ ಅನ್ನಿಸಿಕೊಳ್ಳಲು ಮನಸ್ಸೊಪ್ಪದೆ ಮಾಮ ಎಂದು ಹಾಕಿಕೊಂಡ.

ಸುನಂದ ಪರದೆಯತ್ತ ಬಗ್ಗಿ ನೋಡಿದಳು. “ಎಲ್ಲಾ ಸರಿ. ಆ ಹುಡುಗಿ ಎಷ್ಟನೇ ಕ್ಲಾಸು ಓದ್ತಾವಳೆ?”

“ಓದಲ್ಲ ಕಣೇ, ಪಾಠ ಹೇಳ್ತಾಳೆ.”

“ಹಂಗಾದ್ರೆ ಫೋನ್ ಚಾರ್ಜಿಗೆ ಹಾಕ್ಕೊಳ್ಳಿ. ಬರುತ್ತೆ.”

ಬಂತು. ಸಂಜೆಯ ಕಾಫಿ ಆರುವ ಮೊದಲೇ ಬಂತು.

“ಸಾರ್, ನಾನು ಅನಿತ ಮಾತಾಡ್ತಿರೋದು.”

“ಹೇಳಮ್ಮಾ! ನೋಡಿದೆಯಾ? ಎಷ್ಟು ಮುದ್ದಾಗಿದೆ ಅಲ್ವಾ?”

“ಸಾರ್, ನನಗೆ ಇಬ್ಬರು ಮಕ್ಕಳಿದ್ದಾರೆ.”

“ಅವರ ಹೆಸರೂ ಹೇಳಮ್ಮಾ, ಪಕ್ಕದಲ್ಲೇ ಜಾಗ ಇದೆ.”

“ಈ ಗೋಪಿ ಅನ್ನೋರು ಯಾವ ಭಾಗ ಬರೆದಿದ್ದಾರೆ ಸಾರ್?”

“ಅವನೆಲ್ಲಿ ಬರೀತಾನೆ, ಇನ್ನೂ ಹಲ್ಲೇ ಬಂದಿಲ್ಲ.”

“ಕೋದಂಡರಾಮಪ್ಪನೋರು?”

“ನಮ್ಮ ಬಾವ. ಅವರನ್ನ ಬಿಟ್ರೆ ನಾನು ಅಕ್ಕನ ಮನೆ ಮೆಟ್ಟಿಲು ಹತ್ತೋ ಹಾಗಿಲ್ಲ.”

“ಸಾರ್, ಯಾರು ಎಷ್ಟು ಕೆಲಸ ಮಾಡಿದ್ರೋ ಆ ಪ್ರಕಾರ ಹೆಸರು ಹಾಕೋದು ಪದ್ಧತಿ. ಇದು ಲಗ್ನಪತ್ರಿಕೆ ಅಲ್ಲ.”

ಗಂಗಾಧರನಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಕೆಲಸದ ಪ್ರಕಾರಾನಾ? ಹಂಗೆ ಹಾಕಿದ್ರೆ ಮದುವೆಮನೇಲಿ ಮೊದಲು ಪಾತ್ರೆ ತೊಳೆಯೋರ ಹೆಸರು ಬರಬೇಕಾಗುತ್ತಲ್ಲಮ್ಮಾ!”

“ಬರಲಿ ಸಾರ್, ಏನು ತಪ್ಪು?” ಎಂದಳು ಅನಿತ, ಮತ್ತು ಫೋನಿಟ್ಟಳು.

ಗಂಗಾಧರ್ ಕೋಪ ಮಾಡಿಕೊಳ್ಳಲಿಲ್ಲ. ಶ್ರುತಿಪೆಟ್ಟಿಗೆ ಬಿಚ್ಚಿದ ಬುದ್ಧಿ ಅದು. ಒಂದು ಪ್ರಶ್ನೆ ಹೊಕ್ಕಿತೆಂದರೆ ಅದರ ಹೊಟ್ಟೆ ಬಗೆದು ನೋಡದೆ ಬಿಡುವುದಲ್ಲ. ಒಂದು ವಸ್ತುವಿನ ಮೇಲೆ ಯಾರ ಹೆಸರಿರಬೇಕು? ಈ ಪ್ರಶ್ನೆಯನ್ನು ಹೊತ್ತುಕೊಂಡು ಊರೆಲ್ಲ ತಿರುಗಿದ. ಹೋಟೆಲಿನವನನ್ನು ಕೇಳಿದ: ನಿನ್ನ ಮಸಾಲೆದೋಸೆಗೆ ನಿನ್ನ ಹೆಸರೋ ಭಟ್ಟರದೋ? ಹೋಟೆಲಿನವನು ಒಳಗೆ ಭಟ್ಟರಿಗೆ ಕೇಳಿಸೀತೆಂದು ಹೆದರಿ ಕಾಫಿ ಪುಕ್ಕಟೆ ಕೊಟ್ಟು ಕಳಿಸಿದ. ಓಲಗದ ಕದಿರಪ್ಪನನ್ನು ಕೇಳಿದ: ರಾಗ ನಿನ್ನದೋ ನಿನ್ನ ಗುರುವಿನದೋ? “ಚೆನ್ನಾಗಿದ್ರೆ ನಂದು, ಅಪಸ್ವರ ಬಂದ್ರೆ ಗುರುವಿಂದು” ಎಂದ ಕದಿರಪ್ಪ. ಗಂಗಾಧರ್ ಅಂಗಡಿಯಲ್ಲಿಲ್ಲದ ಆ ದಿನಗಳಲ್ಲಿ ಮುಳಬಾಗಿಲಿನ ಜನ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲೂ ಹೆದರುತ್ತಿದ್ದರಂತೆ. ಎಲ್ಲಿ ಇವನು ಪಕ್ಕದಿಂದ ಬಂದು ಆ ಹೆಸರು ಯಾರು ಇಟ್ಟದ್ದು ಎಂದು ಕೇಳುತ್ತಾನೋ ಎಂದು.

ಕೊನೆಗೆ ಶ್ರೀನಿವಾಸಪುರದ ಬಸ್ ಹತ್ತಿದ. ಅಲ್ಲಿ ಅಮರನಾಥ್ ಎಂಬ ಗೆಳೆಯನ ಮಾವಿನ ಸಸಿಗಳ ನರ್ಸರಿ ಇತ್ತು. ಅಮರನಾಥ್ ನೆಲದ ಮೇಲೆ ಕೂತು ಕಸಿ ಕಟ್ಟುತ್ತಿದ್ದ. ಬೇರಿರುವ ನಾಟಿ ಸಸಿಯ ತಲೆ ಕತ್ತರಿಸಿ, ಸೀಳಿ, ಅದರೊಳಗೆ ಬಾದಾಮಿ ಮಾವಿನ ಕಡ್ಡಿ ಸಿಕ್ಕಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದ.

“ಇದಕ್ಕೆ ಏನಂತ ಹೆಸರು ಅಮರಣ್ಣಾ?”

“ಬಾದಾಮಿ.”

“ಕೆಳಗಿರೋದು ಬಾದಾಮಿ ಅಲ್ವಲ್ಲ.”

“ಅಲ್ಲ. ಅದು ಯಾವುದೋ ನಾಟಿ. ಹಣ್ಣು ಬಾದಾಮಿ ಬಿಡುತ್ತೆ, ಅದಕ್ಕೆ ಬಾದಾಮಿ.”

“ಮತ್ತೆ ನಾಟಿದು ಹೆಸರು?”

ಅಮರನಾಥ್ ಪಟ್ಟಿ ಗಂಟು ಹಾಕುತ್ತ ಅವನ ಮುಖ ನೋಡಿದ. “ಏನಯ್ಯಾ, ಬೇರಿಗೆ ಹೆಸರಿಟ್ಟವರುಂಟಾ? ಆದ್ರೆ ಒಂದು ಹೇಳ್ತೀನಿ ಕೇಳು. ಗಿಡ ಒಣಗಿದ್ರೆ ಬಂದವರೆಲ್ಲ ಏನಂತಾರೆ ಗೊತ್ತಾ? ‘ನಿನ್ನ ಬೇರೇ ಸರಿ ಇಲ್ಲ’ ಅಂತಾರೆ. ಬಯ್ಯೋವಾಗ ಮಾತ್ರ ಬೇರು ನೆನಪಾಗುತ್ತೆ.”

ಗಂಗಾಧರ್ ಆ ಸಸಿಯ ಗಂಟನ್ನು ಬಹಳ ಹೊತ್ತು ಮುಟ್ಟಿ ನೋಡಿದ. ಎಲ್ಲಿ ನಾಟಿ ಮುಗಿದು ಎಲ್ಲಿ ಬಾದಾಮಿ ಶುರುವಾಯಿತೆಂದು ಬೆರಳಿಗೆ ತಿಳಿಯುತ್ತಿತ್ತು. ಮರ ದೊಡ್ಡದಾದ ಮೇಲೆ ತಿಳಿಯುವುದಿಲ್ಲವಂತೆ. ವಾಪಸ್ ಬರುವ ಬಸ್ಸಿನಲ್ಲಿ, ಅನಿತಳನ್ನು ಪುಟಾಣಿಗಳ ಸಾಲಿನಿಂದ ಎತ್ತಿ ಕೋದಂಡರಾಮಪ್ಪನವರ ಪಕ್ಕಕ್ಕೆ, ಸ್ವಲ್ಪವೇ ಕೆಳಗೆ, ಕೂರಿಸುವುದೆಂದು ತೀರ್ಮಾನಿಸಿದ. ತನ್ನ ಹೆಸರಂತೂ ಕಳಶದಲ್ಲಿರುತ್ತದೆ. ಅದರ ಮಾತೇ ಬೇರೆ.

ಅಷ್ಟರಲ್ಲಿ ತಡವಾಗಿತ್ತು. ಅನಿತ ಪ್ರೋಗ್ರಾಮನ್ನು ಪೂರ್ತಿ ಎತ್ತಿಕೊಂಡು ‘ಬಾಸಿಂಗ’ ಎಂದು ಹೊಸ ಹೆಸರಿಟ್ಟು ಬೇರೆಯಾಗಿ ಬಿಟ್ಟಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಯಾರು ಬೇಕಾದರೂ ತಗೊಳ್ಳಿ, ತಿದ್ದಿ, ಹಂಚಿ, ಮಾಡಿದವರ ಹೆಸರು ಮಾತ್ರ ಉಳಿಸಿ ಎಂದು ಗಂಗಾಧರನೇ ಬರೆದಿದ್ದ. ತನ್ನ ಹೆಸರು ಉಳಿಸಿದ್ದಾಳೋ ಇಲ್ಲವೋ ಎಂದು ಅವನು ಬಾಸಿಂಗವನ್ನು ತೆರೆದ. ಉಳಿಸಿದ್ದಳು. ಎಲ್ಲಕ್ಕಿಂತ ಮೇಲೆ, ಗಣೇಶನ ಕೆಳಗೆ, ಗೋಲಾಕಾರದ ಚೌಕಟ್ಟಿನಲ್ಲಿ ಅವನ ಫೋಟೋ. ಅದರಡಿ ‘ಮೂಲಕರ್ತೃ ಶ್ರೀ ಗಂಗಾಧರ್ ಅವರ ಆಶೀರ್ವಾದಗಳೊಂದಿಗೆ’.

“ನೋಡೇ, ನೋಡೇ! ಎಂಥಾ ಗೌರವ!” ಎಂದು ಗಂಗಾಧರ್ ಅಂಗಡಿಯಲ್ಲಿ ಕುಣಿದ.

ಮರುದಿನ ಬೆಳಿಗ್ಗೆಯಿಂದ ಸುನಂದಳ ಫೋನು ಬಡಿದುಕೊಳ್ಳತೊಡಗಿತು. ಮಾಸ್ತಿಯವರು ಮಾಡಿದರು, ಟೇಕಲ್‌ನವರು ಮಾಡಿದರು. ಎಲ್ಲರೂ ಗಂಟಲು ಸರಿಮಾಡಿಕೊಂಡು, “ಧೈರ್ಯ ತಂದ್ಕೊಳ್ಳಮ್ಮಾ, ಯಾವಾಗಾಯ್ತು?” ಎಂದು ಕೇಳುವವರೇ. ಆ ಸೀಮೆಯ ಯಾವ ಪತ್ರಿಕೆಯಲ್ಲೂ ದೇವರ ಕೆಳಗಿನ ಗೋಲಾಕಾರದ ಚೌಕಟ್ಟಿನಲ್ಲಿ ಬದುಕಿರುವವನ ಫೋಟೋ ಬಂದದ್ದಿಲ್ಲ. ಅದು ಹೋದವರ ಜಾಗ.

ಮಧ್ಯಾಹ್ನ ನಂಗಲಿಯಿಂದ ವೆಂಕಟ್ ಮೋಟರ್ ಬೈಕಿನಲ್ಲಿ ಬಂದ. ಲಾರಿಗಳಿಗೆ ಸ್ಟಿಕ್ಕರ್ ಕತ್ತರಿಸುವುದರ ಜೊತೆಗೆ ಪತ್ರಿಕೆಯನ್ನೂ ಅಚ್ಚು ಹಾಕುವವನು, ದೊಡ್ಡ ಮನಸ್ಸಿನವನು. ಅವನು ತಂದಿದ್ದ ಹಾರ ಎಷ್ಟು ದಪ್ಪವಿತ್ತೆಂದರೆ ದಾರಿಯಲ್ಲಿ ಎರಡು ಲಾರಿಗಳು ಅದನ್ನು ಟೈರೆಂದು ತಿಳಿದು ಪಕ್ಕಕ್ಕೆ ಸರಿದಿದ್ದವು. ಒಳಗೆ ಕಾಲಿಟ್ಟರೆ ಗಂಗಾಧರ್ ಚಿತ್ರಾನ್ನ ತಿನ್ನುತ್ತಿದ್ದ.

“ಅಯ್ಯೋ ದೇವುಡಾ!” ಎಂದು ವೆಂಕಟ್ ಬಾಗಿಲಿಗೆ ಒರಗಿದ.

“ತಂದಿದ್ದೀಯಲ್ಲಪ್ಪಾ, ಹಾಕೇ ಹೋಗು. ಹೂವು ಯಾಕೆ ಹಾಳಾಗಬೇಕು” ಎಂದಳು ಸುನಂದ.

ಗಂಗಾಧರ್ ಕೈ ತೊಳೆದು ಮಾಲೂರಿಗೆ ಫೋನ್ ಮಾಡಿದ. “ಏನಮ್ಮಾ, ನನ್ನನ್ನ ಸಾಯಿಸಿಬಿಟ್ಟೆಯಲ್ಲಾ!”

ಅನಿತ ಗಾಬರಿಯಾದಳು. ವಿಷಯ ತಿಳಿದ ಮೇಲೆ ಹೇಳಿದಳು, “ಸಾರ್, ಹಿರಿಯರು ಮೇಲಿರಬೇಕು ಅಂತ ನೀವೇ ತೋರಿಸಿಕೊಟ್ರಿ. ಅದಕ್ಕೇ ಅದಕ್ಕಿಂತ ಮೇಲೆ ಜಾಗವೇ ಇಲ್ಲ ಅನ್ನೋಷ್ಟು ಮೇಲೆ ಹಾಕಿದೆ. ಫೋಟೋ ತೆಗೀತೀನಿ. ಆದ್ರೆ ಹೆಸರು ಬಾಸಿಂಗಾನೇ.”

ಫೋಟೋ ಹೋಯಿತು, ಜಗಳ ಉಳಿಯಿತು. ‘ಗಂಗಾಧರ’ದಲ್ಲಿ ಶುರು ಮಾಡಿದ ಪತ್ರಿಕೆ ‘ಬಾಸಿಂಗ’ದಲ್ಲಿ ತೆರೆಯುತ್ತಿರಲಿಲ್ಲ, ಅದು ಇದರಲ್ಲಿ ತೆರೆಯುತ್ತಿರಲಿಲ್ಲ. ಮುಳಬಾಗಿಲಿನ ಹುಡುಗನಿಗೂ ಮಾಲೂರಿನ ಹುಡುಗಿಗೂ ಮದುವೆಯಾದರೆ ಇಬ್ಬರ ಪತ್ರಿಕೆಗೂ ಮಾತುಕತೆ ಇಲ್ಲ. ಆಷಾಢ ಮುಗಿಯುವುದರೊಳಗೆ ಒಂದು ತೀರ್ಮಾನವಾಗಲೇಬೇಕೆಂದು ಪ್ರೆಸ್ಸಿನವರೆಲ್ಲ ಕೋಲಾರದ ಒಂದು ಹೋಟೆಲಿನ ಮಹಡಿಯಲ್ಲಿ ಸಭೆ ಕರೆದರು. ಕೋಲಾರದಲ್ಲಿ ಪ್ರೆಸ್ ನಡೆಸುವ ಗಂಗಾಲಕ್ಷ್ಮಿ ಸಭೆಯ ಮುಂದಾಳು. ಮಾತು ನೇರ, ಕಾಫಿ ಕಡಕ್.

ಹೊರಡುವ ದಿನ ಗಂಗಾಧರ್ ಲೆಕ್ಕ ಹಾಕಿದ. ಅಪ್ಪನ ಪ್ರೆಸ್ಸಿಗೆ ಅಮ್ಮನ ಹೆಸರು; ಮನೆಗೆ ಸುನಂದಳ ಹೆಸರು; ತನ್ನ ಹೆಸರಿರುವುದು ಲೋಕದಲ್ಲಿ ಇದೊಂದರ ಮೇಲೆ. ಸಂಜೆಯೊಳಗೆ ಅದು ಉಳಿಯುತ್ತದೋ ಅಳಿಸಿಹೋಗುತ್ತದೋ ಎಂದು ಯೋಚಿಸಿ ಯೋಚಿಸಿ ಶರಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ.

ಅನಿತಳನ್ನು ಮೊದಲ ಸಲ ನೋಡಿದ್ದು ಅಲ್ಲೇ. ಫೋನಿನ ದನಿ ಕೇಳಿ ಆರಡಿ ಎತ್ತರದವಳೆಂದುಕೊಂಡಿದ್ದ, ಕನ್ನಡಕ ಹಾಕಿಕೊಂಡ ಗಿಡ್ಡ ಹೆಂಗಸೊಬ್ಬಳು ಎದ್ದು, “ನಮಸ್ಕಾರ ಸಾರ್, ಚೆನ್ನಾಗಿದ್ದೀರಾ?” ಎಂದಳು.

“ಬದುಕಿದ್ದೀನಮ್ಮಾ” ಎಂದ ಗಂಗಾಧರ್.

ಕೋದಂಡರಾಮಪ್ಪನವರೂ ಬಂದಿದ್ದರು. ಪಟ್ಟಿಯಲ್ಲಿ ಮೊದಲ ಹೆಸರು ತಮ್ಮದಲ್ಲವೇ? ಜರಿಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು, “ನಮ್ಮ ಸಾಫ್ಟ್‌ವೇರ್ ವಿಷಯ ಏನೇ ಇದ್ರೂ ನನ್ನನ್ನ ಕೇಳಿ” ಎಂದು ಹೇಳುತ್ತಿದ್ದರು. ಯಾರೋ, ಮಧ್ಯದಲ್ಲಿ ಹ್ಯಾಂಗ್ ಆಗುತ್ತಲ್ಲ ಯಾಕೆ ಸ್ವಾಮಿ ಎಂದು ಕೇಳಿಯೇಬಿಟ್ಟರು. ಕೋದಂಡರಾಮಪ್ಪನವರು ಗಂಭೀರವಾಗಿ, “ಬ್ಯಾಟರಿಗೆ ನೀರು ಹಾಕಿದ್ರಾ?” ಎಂದರು.

ಗಂಗಾಲಕ್ಷ್ಮಿ ಮೇಜು ತಟ್ಟಿದಳು. “ಒಂದೇ ಪ್ರೋಗ್ರಾಂ, ಒಂದೇ ಹೆಸರು. ನಿಮ್ಮಿಬ್ಬರ ಮುನಿಸಿಗೆ ನಮ್ಮ ಗಿರಾಕಿಗಳ ಮದುವೆ ನಿಲ್ಲಿಸೋಕಾಗಲ್ಲ. ಎರಡರಲ್ಲೂ ಒಂದು ಪತ್ರಿಕೆ ಹಾಕಿ ನೋಡೋಣ” ಎಂದು ಶ್ರೀನಿವಾಸಪುರದ ಒಂದು ಮನೆತನದ ಹೆಸರುಗಳನ್ನು ಮುಂದಿಟ್ಟಳು. ಆ ಮನೆಯವರಿಗೆ ತೋಪಿನ ಮರಗಳಿಗಿಂತ ನೆಂಟರು ಹೆಚ್ಚು; ಸೋದರಮಾವಂದಿರೇ ಒಂದು ಬಸ್ಸಿನಷ್ಟಿದ್ದರು.

‘ಗಂಗಾಧರ’ಕ್ಕೆ ಹಾಕಿದರು. ಅದು ಮೂರನೇ ಮಾವನವರೆಗೆ ಹೋಗಿ ನಿಂತಿತು. ಪರದೆಯ ಮೇಲೆ ಚಕ್ರ ತಿರುಗಿತು. ಕಾಫಿ ಬಂತು, ಚಕ್ರ ತಿರುಗುತ್ತಿತ್ತು. ಲೋಟ ಎತ್ತಿಕೊಂಡು ಹೋದರು, ಚಕ್ರ ತಿರುಗುತ್ತಿತ್ತು. ಗಂಗಾಧರ್ ಅದನ್ನೇ ನೋಡುತ್ತ ಕೂತ, ನಡೆಯಲು ಕಲಿಯುತ್ತಿರುವ ಮಗು ಸಭೆಯ ಮುಂದೆ ಮುಗ್ಗರಿಸಿದಂತೆ. ‘ಬಾಸಿಂಗ’ಕ್ಕೆ ಹಾಕಿದರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕನ್ನಡ ಒಂದು ಕಡೆ, ತೆಲುಗು ಇನ್ನೊಂದು ಕಡೆ.

ಗಂಗಾಲಕ್ಷ್ಮಿ ಕನ್ನಡಕ ಏರಿಸಿ ಪ್ರತಿ ಸಾಲಿಗೂ ಬೆರಳಿಟ್ಟು ಓದಿದಳು. “ಮಾತು ಬಿಟ್ಟಿರೋ ಅಣ್ಣತಮ್ಮಂದಿರನ್ನ ಒಂದೇ ಗೆರೇಲಿ, ಎಡಕ್ಕೊಬ್ಬ ಬಲಕ್ಕೊಬ್ಬ ಕೂರಿಸಿದೆ! ಯಾರೂ ಮೇಲಿಲ್ಲ, ಯಾರೂ ಕೆಳಗಿಲ್ಲ. ಇದು ನಿನ್ನ ಕೈಚಳಕಾನಾ ಅನಿತ?”

‘ಹೌದು’ ಎಂದರೆ ಗಂಗಾಧರನ ಹೆಸರು ಅಲ್ಲಿಗೆ ಮುಗಿಯುತ್ತಿತ್ತು. ಅದು ಸುಳ್ಳೆಂದು ಹೇಳಲು ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

“ಅಲ್ಲ ಅಕ್ಕ. ಅದು ಸಾರ್‌ದು. ನಾನು ಉಳಿದಿದ್ದನ್ನೆಲ್ಲಾ ತಿದ್ದಿದ್ದೀನಿ, ಅದನ್ನ ಮಾತ್ರ ಮುಟ್ಟಿಲ್ಲ. ಅಲ್ಲೊಂದು ಟಿಪ್ಪಣಿ ಇದೆ.” ಅನಿತ ಪ್ರೋಗ್ರಾಂ ಬಿಚ್ಚಿ ತೋರಿಸಿದಳು. ಹಿರಿಯರನ್ನು ಜೋಡಿಸುವ ಭಾಗದ ನೆತ್ತಿಯ ಮೇಲೆ ಗಂಗಾಧರನೇ ಎಂದೋ ಬರೆದಿದ್ದ: ‘ಇಲ್ಲಿ ಕೈ ಹಾಕಿದರೆ ಮನೆ ಒಡೆಯುತ್ತದೆ.’

ಸಭೆ ನಕ್ಕಿತು. ಗಂಗಾಧರ್ ನಗಲಿಲ್ಲ, ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಹೋದ. ಯಾವ ಸಾಲನ್ನು ಯಾರು ಬರೆದರೆಂದು ಅಲ್ಲಿ ಪಕ್ಕದಲ್ಲೇ ತೋರಿಸುತ್ತಿತ್ತು. “ಇಳಿಸಮ್ಮಾ, ಇನ್ನೂ ಇಳಿಸು” ಎನ್ನುತ್ತ ನೋಡಿದ. ಅನಿತ, ಅನಿತ, ಅನಿತ. ಆಮೇಲೆ ಒಂದು ಕಡೆ ಗಟ್ಟಿಯಾಗಿ ತಾನು. ಮತ್ತೆ ಅನಿತ, ಅನಿತ. ಶ್ರೀನಿವಾಸಪುರದಲ್ಲಿ ಬೆರಳಿಗೆ ಸಿಕ್ಕಿದ್ದ ಗಂಟು ಇಲ್ಲಿ ಕಣ್ಣಿಗೆ ಸಿಕ್ಕಿತು.

“ಇಷ್ಟೆಲ್ಲಾ ನೀನೇ ಬರೆದಿದ್ದಾ?”

“ಹೌದು ಸಾರ್.”

“ನಾನು ಇಷ್ಟು ದಿನ ನೋಡೇ ಇರಲಿಲ್ಲವಲ್ಲಮ್ಮಾ. ನೀನು ಕಳಿಸ್ತಿದ್ದೆ, ನಾನು ಸೇರಿಸ್ತಿದ್ದೆ.” ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. “ಅಲ್ಲ, ನಿನ್ನನ್ನ ಗೋಪಿ ಪಕ್ಕ ಕೂರಿಸಿದ್ನಲ್ಲಾ!”

“ಏನ್ಲಾ ಗಂಗಾ, ಗೋಪಿಗೇನಾಗಿದೆ?” ಎಂದರು ಕೋದಂಡರಾಮಪ್ಪ.

“ಗೋಪಿಗೇನೂ ಆಗಿಲ್ಲ ಬಾವ. ನನಗಾಗಿತ್ತು.” ಗಂಗಾಧರ್ ಎದ್ದು ನಿಂತ. “ನೋಡಿ, ಹಣ್ಣು ಬಿಟ್ಟಿರೋದು ಈಯಮ್ಮನ ಕಡ್ಡಿ. ಹೆಸರು ಬಾಸಿಂಗಾನೇ ಇರಲಿ. ಮೊದಲ ಹೆಸರು ಅನಿತ.”

ಗಂಗಾಧರನ ಬಾಯಿಂದ ಇನ್ನೊಬ್ಬರ ಹೆಸರು ಮೊದಲು ಬಂದದ್ದಕ್ಕೆ ಕೆಳಗೆ ಹೋಟೆಲಿನಲ್ಲಿ ಹಾಲು ಉಕ್ಕುವುದನ್ನು ಮರೆತು ನಿಂತಿತೆಂದು ವೆಂಕಟ್ ಈಗಲೂ ಹೇಳುತ್ತಾನೆ.

“ಮತ್ತೆ ನಿಮ್ಮ ಹೆಸರು ಸಾರ್?” ಎಂದಳು ಅನಿತ. ಆಕೆಯ ದನಿ ಇಳಿದಿತ್ತು.

“ಪುಟಾಣಿಗಳ ಸಾಲಲ್ಲಿ ನೀನು ಬಿಟ್ಟ ಜಾಗ ಇದೆಯಲ್ಲ, ಅಲ್ಲಿ ಹಾಕು. ಗೋಪಿ ಒಬ್ಬನೇ ಆಗ್ತಾನೆ.”

“ಬೇಡ ಸಾರ್, ಚೆನ್ನಾಗಿರಲ್ಲ.”

“ಹಾಕಮ್ಮಾ. ನಾನು ಮಾಡಿದ ಸಾಲು, ಹೇಗಿರುತ್ತೆ ಅಂತ ಕೂತು ನೋಡ್ತೀನಿ.”

ಗಂಗಾಲಕ್ಷ್ಮಿ ಬರೆದುಕೊಳ್ಳುತ್ತ ಕೇಳಿದಳು, “ಕೆಟ್ಟು ಕೂತ್ರೆ ಯಾರಿಗೆ ಫೋನ್ ಮಾಡಬೇಕು?”

“ಪತ್ರಿಕೇಲಿ ಹೇಗೋ ಹಾಗೇ” ಎಂದ ಗಂಗಾಧರ್. “ಮೊದಲ ಹೆಸರಿನ ಕೆಳಗೇ ತಾನೆ ಫೋನ್ ನಂಬರು?”

“ಆಗಲಿ ಸಾರ್!” ಎಂದು ಅನಿತ ಖುಷಿಯಿಂದ ತನ್ನ ನಂಬರು ಕೊಟ್ಟಳು. ಕೋದಂಡರಾಮಪ್ಪನವರು ಮಾತ್ರ ಜಪ್ಪಯ್ಯ ಎಂದರೂ ಕೆಳಗಿಳಿಯಲಿಲ್ಲ. ಕೊನೆಗೆ ಅವರಿಗೆಂದೇ ‘ವಿದ್ಯುತ್ ವ್ಯವಸ್ಥೆ’ ಎಂಬ ಸಾಲು ಮಾಡಿ ಸಮಾಧಾನ ಮಾಡಿದರು.

ಶ್ರಾವಣ ಬಂತು. ಮುಳಬಾಗಿಲಿನಲ್ಲಿ, ಮಾಲೂರಿನಲ್ಲಿ, ಗಡಿಯ ಈಚೆ ಆಚೆ ಮದುವೆಗಳು ಶುರುವಾದವು. ಶಾಮಲಾ ಪ್ರಿಂಟರ್ಸ್‌ನ ಫೋನು ಬಡಿದುಕೊಳ್ಳಲಿಲ್ಲ. ಕೆಟ್ಟಿದೆಯೋ ಏನೋ ಎಂದು ಗಂಗಾಧರ್ ಅದನ್ನು ಅಲುಗಾಡಿಸಿ ನೋಡಿದ, ಸುನಂದಳ ಫೋನಿನಿಂದ ತನಗೇ ಕರೆ ಮಾಡಿ ನೋಡಿದ. ಸರಿಯಾಗಿಯೇ ಇತ್ತು. ಊಟ ಬಿಸಿಯಾಗಿಯೇ ಮುಗಿಯುವುದು ಅವನಿಗೆ ವಿಚಿತ್ರವೆನ್ನಿಸಿತು. ಸಾರಿಗೆ ಇಷ್ಟು ಹುಳಿ ಇರುತ್ತದೆಂದು ಮದುವೆಯಾದಾಗಿನಿಂದ ಅವನಿಗೆ ಗೊತ್ತೇ ಇರಲಿಲ್ಲ.

ಕಾಗದ ತಗೊಂಡು ಹೋಗಲು ಬಂದ ವೆಂಕಟ್ ಕಾಲೆಳೆದ. “ಏನಣ್ಣಾ, ನನ್ನ ಹೆಸರಿಲ್ಲದೆ ಒಂದು ಮದುವೆ ನಡೀಲಿ ನೋಡ್ತೀನಿ ಅಂತಿದ್ರಿ. ನಡೀತಾನೇ ಅವೆ. ನಿನ್ನೆ ನಮ್ಮೂರಲ್ಲೇ ಮೂರಾಯ್ತು.”

“ನೋಡ್ತಾ ಇದೀನಲ್ಲಪ್ಪಾ” ಎಂದ ಗಂಗಾಧರ್. “ನೋಡೇಬಿಡ್ತೀನಿ ಅಂತ ತಾನೆ ಹೇಳಿದ್ದು.” ಮಾತು ಗೆದ್ದರೂ ಮುಖ ಗೆಲುವಾಗಲಿಲ್ಲ. ಬಾಸಿಂಗ ತೆರೆದು, ತಳಕ್ಕೆ ಇಳಿದು, ಗೋಪಿಯ ಪಕ್ಕ ಗೊಂಬೆಯಂಥ ಅಕ್ಷರಗಳಲ್ಲಿ ತನ್ನ ಹೆಸರಿರುವುದನ್ನು ಮತ್ತೊಂದು ಸಲ ನೋಡಿದ. ಸಣ್ಣದಾಗಿತ್ತು. ಆದರೆ ಇತ್ತು.

ಆಗ ಫೋನು ಬಡಿದುಕೊಂಡಿತು. ಗಂಗಾಧರ್ ಅದರ ಮೇಲೆ ಬಿದ್ದ ಬೀಳಿಗೆ ಅಂಟಿನ ಡಬ್ಬ ಉರುಳಿತು.

“ಸಾರ್, ಅನಿತ.” ದನಿ ಬಿದ್ದುಹೋಗಿತ್ತು. “ಸಾರ್, ಇವರು ಮನುಷ್ಯರಾ? ಪಾಠ ಮಾಡುವಾಗ ಫೋನು, ಮಕ್ಕಳಿಗೆ ಸ್ನಾನ ಮಾಡಿಸುವಾಗ ಫೋನು. ಕಂಪ್ಯೂಟರ್ ಆನ್ ಮಾಡದೇನೇ ಓಡ್ತಿಲ್ಲ ಅಂತ ಬಯ್ತಾರೆ ಸಾರ್. ಈಗ ತಾನೆ ಒಬ್ಬರು, ಮದುಮಗ ಓಡಿಹೋದ, ಏನಾದ್ರೂ ಮಾಡಿ ಅಂತಾರೆ!”

“ಹೌದಾ?” ಎಂದ ಗಂಗಾಧರ್. ಅವನ ಮುಖದಲ್ಲಿ ಮದುಮಗನ ಕಳೆ ಬಂತು. ಸುನಂದ ಪ್ರೂಫಿನಿಂದ ತಲೆಯೆತ್ತಿದಳು.

“ನಾನು ಯೋಚನೆ ಮಾಡಿದೆ ಸಾರ್. ಎಷ್ಟಾದ್ರೂ ಶುರು ಮಾಡಿದವರು ನೀವು. ನಿಮ್ಮ ಹೆಸರನ್ನೇ ಮತ್ತೆ ಮೇಲೆ ಹಾಕಿಬಿಡ್ತೀನಿ. ಕೆಳಗೆ ನಿಮ್ಮ ನಂಬರೂ…”

“ಬೇಡಮ್ಮಾ, ಬೇಡ” ಎಂದ ಗಂಗಾಧರ್, ಮೇಜಿನ ಮೇಲಿದ್ದ ಊಟದ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುತ್ತ. “ನೀನೇ ಪಾಠ ಹೇಳೋಳು, ನಿನಗೆ ಹೇಳಿಕೊಡಬೇಕಾ? ಪುಟಾಣಿಗಳ ಕೈಗೆ ಫೋನ್ ಕೊಡಬಾರದು.”